ನೀರೇ ಮುಳುವಾದ ಕಲ್ಲುಹೂವು: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಇದು ಒಂದು ವಿಶ್ವವಿದ್ಯಾಲಯದ ಸಸ್ಯ ಶರೀರಕ್ರಿಯಾ ಪ್ರಯೋಗಾಲಯದಲ್ಲಿ ನಡೆದದ್ದು. ಸಂಸ್ಥೆಯ ಹೆಸರನ್ನೂ ಕೆಲಸ ಮಾಡಿದವರ ಗುರುತನ್ನೂ ಬಿಟ್ಟಿದ್ದೇವೆ. ಅವರು ಯಾವ ಹಂತದಲ್ಲಿ ಯಾವ ತೀರ್ಮಾನ ತೆಗೆದುಕೊಂಡರು, ಅದರಿಂದ ಏನಾಯಿತು ಎಂಬುದಷ್ಟೇ ಇಲ್ಲಿ ಮುಖ್ಯ.

ಯೋಜನೆ ಸರಳವಾಗಿತ್ತು. ಕಠಿಣ ಪರಿಸರದ ಮೂರು ಕಲ್ಲುಹೂವುಗಳನ್ನು (ಲೈಕೆನ್‌ಗಳನ್ನು) ತಂದು, ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿ, ದ್ಯುತಿಸಂಶ್ಲೇಷಣೆ ಎಷ್ಟು ಬೇಗ ಮರಳುತ್ತದೆ ಎಂದು ಅಳೆಯುವುದು. ಮೊದಲನೆಯದು ಎತ್ತರದ ಪರ್ವತದ ಬಂಡೆಗೆ ನಡುವಿನ ಒಂದೇ ತೊಟ್ಟಿನಿಂದ ಅಂಟಿಕೊಳ್ಳುವ ಕಪ್ಪು ಉಂಬಿಲಿಕೇರಿಯಾ. ಎರಡನೆಯದು ಬಂಡೆಯ ಮೇಲ್ಮೈಗೆ ಪೂರ್ತಿ ಕಚ್ಚಿಕೊಂಡು ಬೆಳೆಯುವ ಕಿತ್ತಳೆ ಬಣ್ಣದ ಕ್ಸಾಂಥೋರಿಯಾ ಎಲೆಗಾನ್ಸ್. ಇದನ್ನು ಕಲ್ಲಿನ ಚೂರುಗಳ ಸಮೇತ ತರಲಾಗಿತ್ತು. ಮೂರನೆಯದು ಬಿಸಿಲಿಗೆ ತೆರೆದ ಒಣ ನೆಲದ ಪೆಲ್ಟಿಜೆರಾ ರುಫೆಸೆನ್ಸ್. ಕಲ್ಲುಹೂವು ಎಂದರೆ ಶಿಲೀಂಧ್ರವೂ ದ್ಯುತಿಸಂಶ್ಲೇಷಣೆ ನಡೆಸುವ ಜೊತೆಗಾರನೂ ಕೂಡಿ ಬಾಳುವ ಜೀವಿ. ಮೊದಲೆರಡರಲ್ಲಿ ಶಿಲೀಂಧ್ರದ ಜೊತೆಗಾರ ಟ್ರೆಬೌಕ್ಸಿಯಾ ಎಂಬ ಹಸಿರು ಪಾಚಿ. ಮೂರನೆಯದರಲ್ಲಿ ನಾಸ್ಟಾಕ್ ಎಂಬ ಸಯನೋಬ್ಯಾಕ್ಟೀರಿಯಾ. ಈ ವ್ಯತ್ಯಾಸ ಕಾಗದದ ಮೇಲೆ ಎಲ್ಲರಿಗೂ ಗೊತ್ತಿತ್ತು, ಆದರೆ ಪ್ರಯೋಗದ ವಿನ್ಯಾಸದಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ.

ಮಾದರಿಗಳನ್ನು ತಂದ ದಿನವೇ ಎರಡು ಪಾಲು ಮಾಡಲಾಯಿತು. ದೊಡ್ಡ ಪಾಲು ಪ್ರಯೋಗಕ್ಕೆ. ಸಣ್ಣ ಪಾಲನ್ನು ಗುರುತಿನ ಮಾದರಿಯಾಗಿ ಕಾಗದದ ಲಕೋಟೆಗಳಲ್ಲಿ ಹಾಕಿ ಒಣ ಕಪಾಟಿನಲ್ಲಿ ಇಟ್ಟರು. ಆ ಲಕೋಟೆಗಳೇ ಮುಂದೆ ಇಡೀ ಯೋಜನೆಯನ್ನು ಉಳಿಸಿದವು.

ಸಮಸ್ಯೆ

ದೂರದಿಂದ ಬಂದ ಜೀವಿಗಳು ಪ್ರಯೋಗಕ್ಕೆ ಮುನ್ನ ಚೇತರಿಸಿಕೊಳ್ಳಲಿ ಎಂಬುದು ತಂಡದ ಆಲೋಚನೆ. ಅದಕ್ಕಾಗಿ ಗ್ರೋತ್ ಚೇಂಬರ್‌ನಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ದಿನಕ್ಕೆ 16 ಗಂಟೆ ಬೆಳಕು, ಚದರ ಮೀಟರಿಗೆ ಸೆಕೆಂಡಿಗೆ 150 ಮೈಕ್ರೊಮೋಲ್ ಪ್ರಖರತೆ ಇಟ್ಟರು. ಒದ್ದೆ ಫಿಲ್ಟರ್ ಪೇಪರ್ ಹಾಸಿದ ಪೆಟ್ರಿ ಡಿಶ್‌ಗಳಲ್ಲಿ ಮಾದರಿಗಳನ್ನಿಟ್ಟು ಮುಚ್ಚಳ ಹಾಕಿದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಲ್ಲಿ ನೀರಿನ ಸಿಂಪಡಣೆ. ಎಳೆಯ ಸಸಿಗಳಿಗೆ ಇದು ಹೇಳಿ ಮಾಡಿಸಿದ ವ್ಯವಸ್ಥೆ.

ಮೊದಲ ವಾರ ಎಲ್ಲವೂ ಚೆನ್ನಾಗಿದೆ ಎನಿಸಿತು. ಬೂದುಗಪ್ಪಾಗಿದ್ದ ಉಂಬಿಲಿಕೇರಿಯಾ ಅರಳಿ ಮೆತ್ತಗಾಗಿ ಹಸಿರುಗಪ್ಪಿಗೆ ತಿರುಗಿತ್ತು. ದಿನಚರಿ ಪುಸ್ತಕದಲ್ಲಿ 'ಹಸಿರು ಹೆಚ್ಚಿದೆ, ಚೇತರಿಕೆ ಉತ್ತಮ' ಎಂಬ ಷರಾ ಬಿತ್ತು. ಈ ಪ್ರಕರಣದ ಮೊದಲ ತಪ್ಪು ಓದು ಇದು. ಕಲ್ಲುಹೂವಿನ ಮೇಲ್ಪದರ ಶಿಲೀಂಧ್ರದ ಎಳೆಗಳು ಒತ್ತಾಗಿ ಹೆಣೆದದ್ದು. ಒಣಗಿದಾಗ ಎಳೆಗಳ ನಡುವೆ ಗಾಳಿ ತುಂಬಿ ಬೆಳಕು ಚದುರುತ್ತದೆ. ಒಳಗಿನ ಪಾಚಿ ಕಾಣುವುದಿಲ್ಲ. ನೆನೆದಾಗ ಆ ಪದರ ಪಾರದರ್ಶಕವಾಗಿ ಪಾಚಿಯ ಹಸಿರು ಹೊರಗೆ ತೋರುತ್ತದೆ. ಸಾಯುತ್ತಿರುವ ಮಾದರಿಯೂ ನೀರು ಬಿದ್ದ ಕೆಲವೇ ನಿಮಿಷಗಳಲ್ಲಿ ಹಸಿರಾಗಬಲ್ಲದು. ಆ ಬಣ್ಣ ಹೇಳುವುದು ಥ್ಯಾಲಸ್ (ಕಲ್ಲುಹೂವಿನ ದೇಹ) ಒದ್ದೆಯಾಗಿದೆ ಎಂಬುದನ್ನು ಮಾತ್ರ.

ಎರಡನೆಯ ವಾರದ ಕೊನೆಗೆ ಪೆಲ್ಟಿಜೆರಾದ ಅಂಚುಗಳಲ್ಲಿ ಬಿಳಿ ಹತ್ತಿಯಂಥ ಬೂಸ್ಟು ಕಾಣಿಸಿತು. ಮೂರನೆಯ ವಾರ ಉಂಬಿಲಿಕೇರಿಯಾದ ಮೇಲ್ಪದರ ಬೆರಳು ತಾಗಿಸಿದರೆ ಜಾರುವಂತಾಗಿತ್ತು, ವಾಸನೆಯೂ ಬರುತ್ತಿತ್ತು. ಕ್ಲೋರೊಫಿಲ್ ಫ್ಲೋರೋಮೀಟರಿನಲ್ಲಿ ಎಫ್‌ವಿ/ಎಫ್‌ಎಂ ಎಂಬ ಅನುಪಾತ ನೋಡಿದರು. ಕತ್ತಲಲ್ಲಿ ಸ್ವಲ್ಪ ಹೊತ್ತು ಇರಿಸಿದ ಮೇಲೆ ದ್ಯುತಿಸಂಶ್ಲೇಷಣೆಯ ಯಂತ್ರಾಂಗ ಎಷ್ಟು ಸುಸ್ಥಿತಿಯಲ್ಲಿದೆ ಎಂಬುದನ್ನು ಈ ಅಂಕಿ ಹೇಳುತ್ತದೆ. ಬಂದ ದಿನ ಉಂಬಿಲಿಕೇರಿಯಾದಲ್ಲಿ 0.66 ಇದ್ದದ್ದು ಈಗ 0.28.

ಮೈನಸ್ ಉಷ್ಣತೆಯನ್ನೂ ಎತ್ತರದ ಅತಿನೇರಳೆ ಕಿರಣವನ್ನೂ ತಾಳಿಕೊಂಡು ದಶಕಗಳ ಕಾಲ ಬದುಕಿದ್ದ ಜೀವಿ, ಹದವಾದ ಕೋಣೆಯಲ್ಲಿ ಮೂರು ವಾರಕ್ಕೆ ಕೊಳೆಯತೊಡಗಿತ್ತು.

ಮೊದಲು ಮಾಡಿ ನೋಡಿದ್ದು

ಬೂಸ್ಟು ಕಂಡದ್ದರಿಂದ ರೋಗ ಎಂಬ ತೀರ್ಮಾನಕ್ಕೆ ಬಂದು, ಪೆಲ್ಟಿಜೆರಾದ ಒಂದಷ್ಟು ತಟ್ಟೆಗಳಿಗೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ಶೇಕಡ 0.1ರ ದ್ರಾವಣ ಸಿಂಪಡಿಸಿದರು. ಫಲಿತಾಂಶ ತೀರಾ ಕೆಟ್ಟದಾಗಿತ್ತು, ಕಾರಣವೂ ಸ್ಪಷ್ಟ. ಕಲ್ಲುಹೂವಿನ ದೇಹದ ಬಹುಪಾಲು ಶಿಲೀಂಧ್ರವೇ, ಅದೂ ಹೆಚ್ಚಿನವುಗಳಲ್ಲಿ ಆಸ್ಕೊಮೈಸೀಟ್ ಗುಂಪಿನದು. ಕಾರ್ಬೆಂಡಜಿಮ್ ಚೆನ್ನಾಗಿ ಕೆಲಸ ಮಾಡುವುದು ಆ ಗುಂಪಿನ ಮೇಲೆ. ಹತ್ತಿಯಂತೆ ಹರಡಿದ್ದ ಮ್ಯೂಕರ್ ಜಾತಿಯ ಬೂಸ್ಟಿಗೆ ಆ ಔಷಧ ನಾಟುವುದೇ ಇಲ್ಲ. ಉಳಿಸಬೇಕಾದದ್ದು ಸತ್ತಿತು, ಅಳಿಸಬೇಕಾದದ್ದು ಬೆಳೆಯಿತು. ಕಲ್ಲುಹೂವಿನ ಮೇಲೆ ಬೂಸ್ಟು ಬಂದರೆ ಶಿಲೀಂಧ್ರನಾಶಕ ಮುಟ್ಟಬಾರದು. ಒಣಗಿಸಿ ಮೃದು ಕುಂಚದಿಂದ ಉದುರಿಸಬೇಕು. ಆರೋಗ್ಯವಾಗಿರುವ ಥ್ಯಾಲಸ್ ಮೇಲೆ ಬೂಸ್ಟು ಸುಲಭಕ್ಕೆ ನೆಲೆಯೂರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಬೂಸ್ಟು ಬಂತೆಂದರೆ ಒಳಗಿನ ಆಹಾರ ಸೋರುತ್ತಿದೆ ಎಂದು ಅರ್ಥ.

ಮುಂದೆ, ಪಾಚಿಗೆ ಬೆಳಕು ಸಾಲದೇನೋ ಎಂದು ಪ್ರಖರತೆಯನ್ನು 400 ಮೈಕ್ರೊಮೋಲ್‌ಗೆ ಏರಿಸಿದರು. ಎಫ್‌ವಿ/ಎಫ್‌ಎಂ ಇನ್ನಷ್ಟು ಇಳಿಯಿತು. ಬಂಡೆಯ ಮೇಲೆ ಇದೇ ಜೀವಿ ಇದರ ನಾಲ್ಕು ಪಟ್ಟು ಬಿಸಿಲು ತಡೆಯುತ್ತದೆ ಎಂಬ ವಾದ ಸರಿಯೇ, ಆದರೆ ಅಲ್ಲಿ ಕಡು ಬಿಸಿಲಿನ ಹೊತ್ತಿಗೆ ಅದು ಒಣಗಿರುತ್ತದೆ. ಒಣಗುವಾಗ ಪಾಚಿ ತಾನು ಹೀರಿದ ಬೆಳಕಿನ ಶಕ್ತಿಯನ್ನು ಶಾಖವಾಗಿ ಹೊರಹಾಕುವ ಸ್ಥಿತಿಗೆ ಹೊರಳುತ್ತದೆ, ಮೇಲ್ಪದರವೂ ಅಪಾರದರ್ಶಕವಾಗಿ ನೆರಳಿನ ಕೆಲಸ ಮಾಡುತ್ತದೆ. ನೆನೆದು ನಿತ್ರಾಣವಾಗಿದ್ದ ಪಾಚಿಗೆ ಈ ಎರಡು ರಕ್ಷಣೆಯೂ ಇರಲಿಲ್ಲ.

ತಿರುವು

ಯೋಜನೆಯನ್ನು ಕೈಬಿಡುವ ಮಾತು ನಡೆದಿದ್ದಾಗ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಕಪಾಟಿನಲ್ಲಿದ್ದ ಲಕೋಟೆಗಳನ್ನು ಪರೀಕ್ಷಿಸೋಣ ಎಂದರು. ಒಂದು ಹನಿ ನೀರೂ ಕಾಣದೆ, ಬೆಳಕೂ ಇಲ್ಲದೆ ಅಷ್ಟು ವಾರ ಬಿದ್ದಿದ್ದ ಉಂಬಿಲಿಕೇರಿಯಾವನ್ನು ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ತಂಪಾದ ಮಂದ ಬೆಳಕಿನಲ್ಲಿ ಒಂದು ದಿನ ಇಟ್ಟು ಅಳೆದರೆ 0.63 ಬಂತು. ಕ್ಸಾಂಥೋರಿಯಾ ಕೂಡ ಹಾಗೆಯೇ ಮರಳಿತ್ತು.

ಇಲ್ಲಿಂದ ಪ್ರಶ್ನೆಯೇ ಬದಲಾಯಿತು. ಮಾದರಿ ತಂದ ಜಾಗದಲ್ಲಾಗಲಿ ತಂದ ರೀತಿಯಲ್ಲಾಗಲಿ ದೋಷವಿಲ್ಲ, ಕೊಟ್ಟ ಆರೈಕೆಯಲ್ಲಿ ಇದೆ ಎಂದು ಖಚಿತವಾಯಿತು. ನಮ್ಮ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯುತ್ತಮ ತೀರ್ಮಾನ ಇದೇ: ಮದ್ದು ಹುಡುಕುವುದನ್ನು ನಿಲ್ಲಿಸಿ, ಆರೈಕೆ ಮುಟ್ಟದ ಮಾದರಿಯ ಜೊತೆ ಹೋಲಿಸಿದ್ದು.

ಇಂಗಾಲದ ಲೆಕ್ಕ

ಕಾರಣ ತಿಳಿಯಲು ಅನಿಲ ವಿನಿಮಯ ಮಾಪಕದಲ್ಲಿ ಉಂಬಿಲಿಕೇರಿಯಾದ ಗಳಿಕೆ ಮತ್ತು ಖರ್ಚನ್ನು ಅಳೆದರು. ಚೇಂಬರಿನ ಸ್ಥಿತಿಯಲ್ಲಿ, ಅಂದರೆ 20 ಡಿಗ್ರಿಯಲ್ಲಿ ಮೇಲ್ಮೈ ತುಂಬ ನೀರು ನಿಂತಿರುವಾಗ, ಬೆಳಕಿನಲ್ಲಿ ನಿವ್ವಳ ಗಳಿಕೆ ಒಣ ತೂಕದ ಗ್ರಾಂಗೆ ಗಂಟೆಗೆ 8 ಮೈಕ್ರೊಮೋಲ್ ಇಂಗಾಲದ ಡೈಆಕ್ಸೈಡ್. ಕತ್ತಲಲ್ಲಿ ಉಸಿರಾಟದ ಖರ್ಚು ಗಂಟೆಗೆ 21. ಹದಿನಾರು ಗಂಟೆಯ ಗಳಿಕೆ 128, ಎಂಟು ಗಂಟೆಯ ಖರ್ಚು 168. ದಿನಕ್ಕೆ 40 ಮೈಕ್ರೊಮೋಲ್ ಕೊರತೆ. ಮೂರು ವಾರ ಅದು ತನ್ನ ದಾಸ್ತಾನನ್ನೇ ಕರಗಿಸಿ ತಿನ್ನುತ್ತಿತ್ತು.

ಗಳಿಕೆ ಇಷ್ಟು ಕಡಿಮೆಯಾದದ್ದಕ್ಕೆ ನೀರಿನ ಪೊರೆಯೇ ಕಾರಣ. ಕಲ್ಲುಹೂವಿಗೆ ಎಲೆಗಳಿಗಿರುವಂಥ ಪತ್ರರಂಧ್ರಗಳಿಲ್ಲ, ನೀರನ್ನು ಹಿಡಿತದಲ್ಲಿಡುವ ಉಪಾಯವೂ ಇಲ್ಲ; ಸುತ್ತ ಒದ್ದೆಯಿದ್ದರೆ ಒದ್ದೆ, ಒಣಗಿದರೆ ಒಣಗು. ಥ್ಯಾಲಸ್ ಮಿತಿಮೀರಿ ನೆನೆದಾಗ ಅದರೊಳಗಿನ ಗಾಳಿಯ ದಾರಿಗಳಲ್ಲಿ ನೀರು ನಿಲ್ಲುತ್ತದೆ, ಇಂಗಾಲದ ಡೈಆಕ್ಸೈಡ್ ಪಾಚಿಯವರೆಗೆ ತಲುಪುವುದಿಲ್ಲ. ಅದೇ ಮಾದರಿಯ ಮೇಲಿನ ನೀರನ್ನು ಟಿಶ್ಯೂ ಕಾಗದದಿಂದ ಒತ್ತಿ ತೆಗೆದು, ಒಣ ತೂಕದ ಶೇಕಡ 120ರಷ್ಟು ನೀರು ಉಳಿಯುವಂತೆ ಮಾಡಿ, 10 ಡಿಗ್ರಿಯಲ್ಲಿ ಅಳೆದಾಗ ಗಳಿಕೆ ಗಂಟೆಗೆ 26ಕ್ಕೆ ಏರಿತು. ತಂಪು ಉಸಿರಾಟವನ್ನು ತಗ್ಗಿಸುವಷ್ಟು ದ್ಯುತಿಸಂಶ್ಲೇಷಣೆಯನ್ನು ತಗ್ಗಿಸುವುದಿಲ್ಲ. ಅಂಟಾರ್ಕ್ಟಿಕಾದ ಉಂಬಿಲಿಕೇರಿಯಾ ಅಪ್ರಿನಾ ಮೈನಸ್ 17 ಡಿಗ್ರಿಯಲ್ಲೂ ದ್ಯುತಿಸಂಶ್ಲೇಷಣೆ ನಡೆಸುತ್ತದೆಂದು 1994ರಲ್ಲಿ ವರದಿಯಾಗಿದ್ದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಇಂಥ ಜೀವಿಗಳ ಮಟ್ಟಿಗೆ ಚಳಿ ಎಂದರೆ ಖರ್ಚು ಕಡಿಮೆ ಇರುವ ಹೊತ್ತು.

ಬಯಲಿನಲ್ಲಿ ಈ ಲೆಕ್ಕ ಹೇಗೆ ಸರಿತೂಗುತ್ತದೆ ಎಂಬುದನ್ನು ಜರ್ಮನಿಯ ಸಸ್ಯವಿಜ್ಞಾನಿ ಓಟೊ ಲಾಂಗೆ ಮತ್ತು ಸಂಗಡಿಗರು ಇಸ್ರೇಲಿನ ನೆಗೆವ್ ಮರುಭೂಮಿಯ ರಾಮಲೀನಾ ಮಾಸಿಫಾರ್ಮಿಸ್ ಎಂಬ ಕಲ್ಲುಹೂವಿನಲ್ಲಿ ತೋರಿಸಿದ್ದರು. ರಾತ್ರಿಯ ಇಬ್ಬನಿ ಅದನ್ನು ನೆನೆಸುತ್ತದೆ. ಸೂರ್ಯ ಹುಟ್ಟಿದ ಮೇಲೆ ಕೆಲವೇ ಗಂಟೆ ಅದು ದುಡಿಯುತ್ತದೆ. ಬಿಸಿಲೇರುತ್ತಲೇ ಒಣಗಿ, ಖರ್ಚನ್ನೂ ನಿಲ್ಲಿಸಿ ಮಲಗುತ್ತದೆ. ಪ್ರಯೋಗಾಲಯದವರು ತೆಗೆದುಹಾಕಿದ್ದು ಈ ನಿಲುಗಡೆಯನ್ನೇ.

ಒಣಗುವುದು ಒಂದು ಕೆಲಸ

ಕಲ್ಲುಹೂವು ಒಣಗಿದರೆ ಏನೂ ಆಗದೆ ಸುಮ್ಮನೆ ಬಿದ್ದಿರುತ್ತದೆ ಎಂದುಕೊಳ್ಳುವವರು ಅನೇಕರು. ವಾಸ್ತವದಲ್ಲಿ ಸುರಕ್ಷಿತವಾಗಿ ಒಣಗಲು ತಯಾರಿ ಬೇಕು, ತಯಾರಿಗೆ ದಾಸ್ತಾನು ಬೇಕು. ಪಾಚಿಯಲ್ಲಿ ರಿಬಿಟಾಲ್, ಶಿಲೀಂಧ್ರದಲ್ಲಿ ಮ್ಯಾನಿಟಾಲ್ ಎಂಬ ಸಕ್ಕರೆ ಮದ್ಯಗಳು ಹೇರಳವಾಗಿರುತ್ತವೆ. ನೀರು ಹೊರಟಂತೆ ಇವು ಪೊರೆಗಳ ಮತ್ತು ಪ್ರೋಟೀನುಗಳ ಸುತ್ತ ನೀರಿನ ಜಾಗ ತುಂಬುತ್ತವೆ. ನೀರು ಒಣ ತೂಕದ ಶೇಕಡ 10ರ ಆಸುಪಾಸಿಗೆ ಇಳಿಯುವ ಹೊತ್ತಿಗೆ ಕೋಶದ್ರವ ಗಾಜಿನಂಥ ಗಟ್ಟಿ ಸ್ಥಿತಿ ತಲುಪಿ ರಾಸಾಯನಿಕ ಕ್ರಿಯೆಗಳು ಬಹುತೇಕ ನಿಂತುಹೋಗುತ್ತವೆ. ಮತ್ತೆ ನೆನೆದಾಗ ಹುಟ್ಟುವ ಹಾನಿಕಾರಕ ಆಮ್ಲಜನಕ ರೂಪಗಳನ್ನು ತಣಿಸಲು ಗ್ಲುಟಾಥಯೋನ್ ಮುಂತಾದವು ಸಿದ್ಧವಿರಬೇಕು. ನೆನೆದ ಮೊದಲ ಹೊತ್ತಿನಲ್ಲಿ ಉಸಿರಾಟ ಜೋರಾಗಿ ಏರುತ್ತದೆ. ದುರಸ್ತಿಯ ಬೆಲೆ ಅದು. ಪ್ರತಿ ಸಲ ಎಚ್ಚರಗೊಂಡಾಗಲೂ ಈ ಬೆಲೆ ತೆರಬೇಕು. ಆದ್ದರಿಂದ ಅರ್ಧ ಗಂಟೆ ನೆನೆಸಿ ಒಣಗಿಸುವುದೂ ನಷ್ಟವೇ.

ಒಣ ಸ್ಥಿತಿ ಕೊಡುವ ಬಲ ಎಂಥದ್ದೆಂದು ಹಳೆಯ ಪ್ರಯೋಗಗಳೇ ಹೇಳುತ್ತವೆ. 1953ರಲ್ಲಿ ಲಾಂಗೆ ಪ್ರಕಟಿಸಿದ ಅಳತೆಗಳಲ್ಲಿ ನೆನೆದ ಕಲ್ಲುಹೂವುಗಳು ಅರ್ಧ ಗಂಟೆಯಲ್ಲಿ 35ರಿಂದ 46 ಡಿಗ್ರಿಗೇ ಹಾನಿಗೊಂಡರೆ, ಒಣಗಿದವು ಜಾತಿಗೆ ತಕ್ಕಂತೆ 70ರಿಂದ 101 ಡಿಗ್ರಿವರೆಗೆ ತಾಳಿದವು. ಕ್ಸಾಂಥೋರಿಯಾ ಎಲೆಗಾನ್ಸ್ ಮತ್ತು ರೈಜೋಕಾರ್ಪಾನ್ ಜಿಯೋಗ್ರಾಫಿಕಂ ಎಂಬ ಇನ್ನೊಂದು ಕಲ್ಲುಹೂವು 2005ರಲ್ಲಿ ಫೋಟಾನ್-ಎಂ2 ನೌಕೆಯ ಹೊರಗೆ ಸುಮಾರು ಎರಡು ವಾರ ಬಾಹ್ಯಾಕಾಶಕ್ಕೆ ತೆರೆದುಕೊಂಡಿದ್ದು, ಮರಳಿದ ಮೇಲೆ ದ್ಯುತಿಸಂಶ್ಲೇಷಣೆ ನಡೆಸಿದವು. 2008ರಿಂದ 2009ರವರೆಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಮೈಯಲ್ಲಿ ಕ್ಸಾಂಥೋರಿಯಾ ಒಂದೂವರೆ ವರ್ಷ ಕಳೆದು ಬಂತು. ಈ ಸುದ್ದಿಗಳನ್ನು ಓದಿದವರು ಕಲ್ಲುಹೂವು ನಿರ್ವಾತದಲ್ಲಿ ಜೀವನ ನಡೆಸಿತು ಎಂದುಕೊಳ್ಳುತ್ತಾರೆ. ಅಲ್ಲಿ ಅದು ಒಣಗಿ ಮಲಗಿತ್ತು, ಅತಿನೇರಳೆ ಕಿರಣವನ್ನು ಮೇಲ್ಪದರದ ಪ್ಯಾರಿಯಟಿನ್ ಎಂಬ ಕಿತ್ತಳೆ ವರ್ಣಕ ತಡೆದಿತ್ತು. ಅದೇ ಕ್ಸಾಂಥೋರಿಯಾ ಒದ್ದೆ ಫಿಲ್ಟರ್ ಪೇಪರ್ ಮೇಲೆ ಸೋತದ್ದರಲ್ಲಿ ವಿರೋಧಾಭಾಸ ಏನಿಲ್ಲ.

ಹೊಸ ವಿಧಾನ

ಉಳಿದ ಮಾದರಿಗಳನ್ನೆಲ್ಲ ಮೊದಲು ಒಣಗಿಸಿದರು. ಹೀಟರ್ ಆಗಲಿ ಓವನ್ ಆಗಲಿ ಬಳಸಲಿಲ್ಲ. ಕೋಣೆಯ ಗಾಳಿಯಲ್ಲಿ, ಶೇಕಡ 40ರಿಂದ 50ರ ಸಾಪೇಕ್ಷ ಆರ್ದ್ರತೆಯಲ್ಲಿ, ತೂಕ ಸ್ಥಿರವಾಗುವವರೆಗೆ ಕಾಗದದ ಮೇಲೆ ಹರಡಿಟ್ಟರು. ಪ್ಲಾಸ್ಟಿಕ್ ಚೀಲದಲ್ಲಿ ಅರೆಬರೆ ಒಣಗಿದ್ದನ್ನು ಕಟ್ಟಿಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಉಸಿರಾಟ ನಿಲ್ಲದಷ್ಟು ತೇವ, ಗಳಿಕೆಗೆ ಸಾಲದ ಬೆಳಕು. ಒಣಗಿದ್ದನ್ನು ಕಾಗದದ ಲಕೋಟೆಗೆ ಹಾಕಿ, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ಮೈನಸ್ 20 ಡಿಗ್ರಿಯಲ್ಲಿ ದಾಸ್ತಾನು ಮಾಡಿದರು. ಹೊರತೆಗೆಯುವಾಗ ಡಬ್ಬಿ ಕೋಣೆಯ ಉಷ್ಣತೆಗೆ ಬರುವ ತನಕ ಮುಚ್ಚಳ ತೆರೆಯುವಂತಿಲ್ಲ; ತೆರೆದರೆ ತಣ್ಣಗಿನ ಥ್ಯಾಲಸ್ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ.

ಎಚ್ಚರಿಸುವುದು ಹಂತ ಹಂತವಾಗಿ. ತಳದಲ್ಲಿ ಪೊಟ್ಯಾಸಿಯಂ ಸಲ್ಫೇಟಿನ ಸಂತೃಪ್ತ ದ್ರಾವಣ ಇರುವ ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿಯ ಆರ್ದ್ರತೆ ಶೇಕಡ 97ರ ಹತ್ತಿರ ನಿಲ್ಲುತ್ತದೆ. ಅದರಲ್ಲಿ ಜಾಲರಿಯ ಮೇಲೆ ಮಾದರಿಗಳನ್ನು 10 ಡಿಗ್ರಿಯಲ್ಲಿ, 15 ಮೈಕ್ರೊಮೋಲ್ ಬೆಳಕಿನಲ್ಲಿ ಒಂದು ದಿನ ಇಟ್ಟರು. ಆಮೇಲೆ ಭಟ್ಟಿ ಇಳಿಸಿದ ನೀರಿನ ತೆಳು ಸಿಂಪಡಣೆ, ಮೇಲೆ ನಿಂತ ನೀರನ್ನು ಒತ್ತಿ ತೆಗೆಯುವುದು. ನಲ್ಲಿ ನೀರು ಬೇಡ. ಅದರ ಲವಣ ಪ್ರತಿ ಸಿಂಪಡಣೆಗೂ ಥ್ಯಾಲಸ್‌ನಲ್ಲಿ ಉಳಿದು ಕೂಡುತ್ತ ಹೋಗುತ್ತದೆ, ಅದನ್ನು ಹೊರಹಾಕುವ ದಾರಿ ಕಲ್ಲುಹೂವಿಗಿಲ್ಲ.

ಚೇಂಬರಿನ ದಿನಚರಿಯೂ ಬದಲಾಯಿತು. ಬೆಳಕು ಹೊತ್ತುವ ತುಸು ಮುಂಚೆ ಒಂದೇ ಸಿಂಪಡಣೆ. ಹಗಲು 10 ಡಿಗ್ರಿ, ರಾತ್ರಿ 5. ಮುಚ್ಚಳ ತೆಗೆದ ತಟ್ಟೆ, ಅಡಿಯಲ್ಲಿ ಫಿಲ್ಟರ್ ಪೇಪರ್ ಬದಲು ಜಾಲರಿ. ಸಣ್ಣ ಫ್ಯಾನಿನಿಂದ ಮೂರೂವರೆ ಗಂಟೆಯಲ್ಲಿ ಒಣಗುವಷ್ಟು ಗಾಳಿ. ಸಂಜೆಯ ಸಿಂಪಡಣೆ ಪೂರ್ತಿ ಬಂದ್. ಹೊಸ ಲೆಕ್ಕದಲ್ಲಿ ನೆನೆದ ಹೊತ್ತಿನ ಒಟ್ಟು ಗಳಿಕೆ ಸುಮಾರು 70, ಎಚ್ಚರಗೊಳ್ಳುವ ಖರ್ಚು 12, ರಾತ್ರಿಯ ಖರ್ಚು ಶೂನ್ಯ. ದಿನಕ್ಕೆ 58 ಮೈಕ್ರೊಮೋಲ್ ಉಳಿತಾಯ. ಹಿಂದಿನ ವ್ಯವಸ್ಥೆಯಲ್ಲಿ 16 ಗಂಟೆ ದುಡಿದು ನಷ್ಟ ಅನುಭವಿಸಿದ ಅದೇ ಜೀವಿ ಮೂರೂವರೆ ಗಂಟೆ ದುಡಿದು ಉಳಿಸತೊಡಗಿತು.

ಪೆಲ್ಟಿಜೆರಾ ವಿಷಯದಲ್ಲಿ ಮತ್ತೊಂದು ಎಡವಟ್ಟು

ಆರ್ದ್ರ ಗಾಳಿಯ ಪೆಟ್ಟಿಗೆಯಲ್ಲಿ ಒಂದು ದಿನ ಕಳೆದ ಮೇಲೆ ಉಂಬಿಲಿಕೇರಿಯಾ, ಕ್ಸಾಂಥೋರಿಯಾ ಎರಡೂ ಫ್ಲೋರೋಮೀಟರಿನಲ್ಲಿ ಸ್ಪಷ್ಟ ಸಂಕೇತ ಕೊಟ್ಟವು. ಪೆಲ್ಟಿಜೆರಾದಿಂದ ಏನೂ ಬರಲಿಲ್ಲ. ಸತ್ತಿದೆ ಎಂದು ಬಗೆದು ಅದರ ಒಂದು ಪಾಲನ್ನು ಸಹಾಯಕರು ಎಸೆದೂ ಬಿಟ್ಟರು.

ಅದು ಸತ್ತಿರಲಿಲ್ಲ. ಹಸಿರು ಪಾಚಿಯ ಕಲ್ಲುಹೂವುಗಳು ಬರಿಯ ನೀರಾವಿಯಿಂದಲೇ ದ್ಯುತಿಸಂಶ್ಲೇಷಣೆ ಶುರುಮಾಡಬಲ್ಲವು, ಸಯನೋಬ್ಯಾಕ್ಟೀರಿಯಾದವುಗಳಿಗೆ ದ್ರವರೂಪದ ನೀರೇ ಬೇಕು. ಇದು 1986ರಿಂದಲೇ ತಿಳಿದಿರುವ ಸಂಗತಿ. ಎಲ್ಲಿ ಯಾವುದು ಬದುಕುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದೂ ಇದೇ: ಮಳೆ ಅಪರೂಪವಾಗಿ, ಆರ್ದ್ರ ಗಾಳಿಯೇ ಆಧಾರವಾಗಿರುವ ಕಡೆ ಹಸಿರು ಪಾಚಿಯವು ಮೇಲುಗೈ ಪಡೆಯುತ್ತವೆ. ಉಳಿದ ಪೆಲ್ಟಿಜೆರಾಕ್ಕೆ ನೇರವಾಗಿ ನೀರು ಸಿಂಪಡಿಸಿದಾಗ ಸಂಕೇತ ಬಂತು, ಆದರೆ 0.45ರ ಆಚೆ ಏರಲಿಲ್ಲ. 0.6ಕ್ಕಿಂತ ಕಡಿಮೆಯಿದ್ದರೆ ಅನಾರೋಗ್ಯ ಎಂದು ತಂಡ ಹಾಕಿಕೊಂಡಿದ್ದ ಗೆರೆ ಇಲ್ಲಿ ತಪ್ಪು ದಾರಿಗೆ ಎಳೆಯಿತು. ಸಯನೋಬ್ಯಾಕ್ಟೀರಿಯಾದ ಬೆಳಕು ಹಿಡಿಯುವ ವರ್ಣಕಗಳು ಬೇರೆ, ಅವುಗಳ ಹೊಳಪೂ ಅಳತೆಯಲ್ಲಿ ಬೆರೆಯುತ್ತದೆ. ಆರೋಗ್ಯವಾಗಿದ್ದರೂ ಅನುಪಾತ ಕಡಿಮೆಯೇ ಇರುತ್ತದೆ. ಅಂಥವನ್ನು ಹಸಿರು ಪಾಚಿಯ ಅಂಕಿಗೆ ಹೋಲಿಸದೆ, ತಂದ ದಿನ ತೆಗೆದ ಅದರದ್ದೇ ಅಂಕಿಗೆ ಹೋಲಿಸಬೇಕು, ಸಾಧ್ಯವಾದರೆ ಅನಿಲ ವಿನಿಮಯವನ್ನೂ ಅಳೆಯಬೇಕು.

ಫಲಿತಾಂಶ

ಹೊಸ ದಿನಚರಿಯಲ್ಲಿ, ಕೊಳೆಯುವ ಹಂತ ತಲುಪದಿದ್ದ ಉಂಬಿಲಿಕೇರಿಯಾ ತುಂಡುಗಳು 0.28ರಿಂದ ನಿಧಾನವಾಗಿ 0.5ರ ಆಸುಪಾಸಿಗೆ ಬಂದವು, ಪೂರ್ತಿ ಮರಳಲಿಲ್ಲ. ಮೇಲ್ಪದರ ಕಳಚಿದವು ಯಾವುವೂ ಉಳಿಯಲಿಲ್ಲ. ಪೆಲ್ಟಿಜೆರಾದಲ್ಲಿ ಔಷಧ ಬಿದ್ದ ತಟ್ಟೆಗಳು ಪೂರ್ತಿ ನಾಶವಾದವು. ಹೆಪ್ಪುಗಟ್ಟಿಸುವ ಮೂಲ ಪ್ರಯೋಗವನ್ನು ಲಕೋಟೆಗಳಲ್ಲಿದ್ದ ಮಾದರಿಯ ಮೇಲೆಯೇ, ಚಿಕ್ಕ ಪ್ರಮಾಣದಲ್ಲಿ ನಡೆಸಿದರು. ಒಣಗಿದ್ದ ಉಂಬಿಲಿಕೇರಿಯಾಕ್ಕೆ ಮೈನಸ್ 20 ಡಿಗ್ರಿಯಲ್ಲಿ ಏನೂ ಆಗಲಿಲ್ಲ. ನೆನೆದದ್ದನ್ನು ಗಂಟೆಗೆ 5 ಡಿಗ್ರಿಯಂತೆ ತಣಿಸಿ ಅದೇ ಉಷ್ಣತೆಗೆ ಇಳಿಸಿದಾಗ ಕರಗಿದ ಒಂದು ದಿನಕ್ಕೆ 0.60 ತೋರಿಸಿತು. ನಿಧಾನಕ್ಕೆ ತಣಿದರೆ ಮಂಜುಗಡ್ಡೆ ಕೋಶಗಳ ಹೊರಗೆ ಕಟ್ಟುತ್ತದೆ, ಒಳಗಿನ ನೀರನ್ನು ಅದು ಸೆಳೆದುಕೊಳ್ಳುತ್ತದೆ. ಕೋಶದ ಮಟ್ಟಿಗೆ ಹೆಪ್ಪುಗಟ್ಟುವುದೆಂದರೆ ಮತ್ತೊಂದು ಬಗೆಯ ಒಣಗುವಿಕೆ. ಒಣಗಲು ಬಲ್ಲದ್ದು ಅದನ್ನೂ ತಾಳುತ್ತದೆ.

ಕುತೂಹಲಕ್ಕೆಂದು ಅರೆ ಚೇತರಿಸಿಕೊಂಡ ತುಂಡುಗಳನ್ನೂ ಇದೇ ಪರೀಕ್ಷೆಗೆ ಒಡ್ಡಿದರು. ಅವು 0.35ಕ್ಕೆ ಕುಸಿದವು. ಒಂದೇ ಜಾತಿ, ಒಂದೇ ಬಂಡೆಯಿಂದ ಬಂದದ್ದು, ಚಳಿ ತಾಳುವ ಶಕ್ತಿ ಮಾತ್ರ ಬೇರೆ. ಈ ಜಾತಿ ಇಷ್ಟು ಡಿಗ್ರಿ ತಡೆಯುತ್ತದೆ ಎಂದು ಬರೆಯುವಾಗ ಅದನ್ನು ಹಿಂದಿನ ವಾರಗಳಲ್ಲಿ ಹೇಗೆ ಇಟ್ಟಿದ್ದರು ಎಂಬುದನ್ನೂ ಬರೆಯದಿದ್ದರೆ ಆ ಅಂಕಿಗೆ ಹೆಚ್ಚು ಬೆಲೆಯಿಲ್ಲ.

ಬೇರೆಯವರ ಕೆಲಸಕ್ಕೆ ಇದರಿಂದ ಒದಗುವುದು

ಪ್ರಯೋಗಾಲಯದ ಹೊರಗೂ ಈ ಲೆಕ್ಕ ನಿಜ. ಅಮೆರಿಕದ ಕೊಲೊರಾಡೊ ಪ್ರಸ್ಥಭೂಮಿಯ ಒಣನೆಲದಲ್ಲಿ ಬೇಸಿಗೆಯಲ್ಲಿ ಪದೇ ಪದೇ 1.2 ಮಿಲಿಮೀಟರಿನಷ್ಟು ಸಣ್ಣ ಮಳೆಯನ್ನು ಕೃತಕವಾಗಿ ಸುರಿಸಿದಾಗ, ಮಣ್ಣಿನ ಮೇಲಿದ್ದ ಸಿಂಟ್ರಿಕಿಯಾ ಎಂಬ ಹಾವಸೆ (ಮಾಸ್) ಸತ್ತುಹೋಯಿತು ಎಂದು 2012ರಲ್ಲಿ ವರದಿಯಾಯಿತು. ಹಾವಸೆ ಕಲ್ಲುಹೂವಲ್ಲ, ಆದರೆ ಅದೂ ಒಣಗಿ ಬದುಕುವ ಜೀವಿ. ಎಚ್ಚರಗೊಳ್ಳುವ ಖರ್ಚು ತೀರುವ ಮುನ್ನವೇ ಒಣಗಿ, ಮತ್ತೆ ಎಚ್ಚರಗೊಂಡು, ಸಾಲದಲ್ಲಿ ಮುಳುಗಿತು. ಹಾಳಾದ ಒಣನೆಲದ ಮೇಲೆ ಕಲ್ಲುಹೂವಿನ ಪದರವನ್ನು ಮತ್ತೆ ಬೆಳೆಸಲು ಹೊರಟವರು ಬಿಸಿಲಿನ ಹೊತ್ತಿನ ಲಘು ಸಿಂಪಡಣೆಯನ್ನೂ, ಬೆಚ್ಚಗಿನ ರಾತ್ರಿಯ ನೀರನ್ನೂ ಬಿಡಬೇಕು. ತಂಪು ಋತುವಿನ ನಸುಕಿನಲ್ಲಿ, ಒಣಗಲು ಎರಡು ಮೂರು ಗಂಟೆಯಾದರೂ ಹಿಡಿಯುವಷ್ಟು ನೀರು ಕೊಡಬೇಕು.

ತೂಕದ ವಿಷಯ ಒಂದಿದೆ. ನೀರಿನ ಪ್ರಮಾಣ ಗೊತ್ತಿಲ್ಲದೆ ತೆಗೆದ ಯಾವ ಅಳತೆಯನ್ನೂ ಹೋಲಿಸಲಾಗದು. ಉಂಬಿಲಿಕೇರಿಯಾದಲ್ಲಿ ಇದು ಸುಲಭ: ಹಸಿ ತೂಕದಿಂದ ಒಣ ತೂಕ ಕಳೆದು, ಒಣ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿದರಾಯಿತು. ಒಣ ತೂಕಕ್ಕಾಗಿ ಓವನ್‌ಗೆ ಹಾಕುವ ತುಂಡುಗಳು ಬೇರೆಯೇ ಇರಬೇಕು, ಜೀವಂತ ಬೇಕಾದವನ್ನು ಅದಕ್ಕೆ ಬಳಸಬಾರದು. ಕಲ್ಲಿಗೆ ಕಚ್ಚಿಕೊಂಡ ಕ್ಸಾಂಥೋರಿಯಾದಲ್ಲಿ ಕಲ್ಲು ಕೂಡ ನೀರು ಹೀರುತ್ತದೆ. ತಂಡ ಅದೇ ಬಂಡೆಯ, ಅಷ್ಟೇ ಗಾತ್ರದ, ಕಲ್ಲುಹೂವಿಲ್ಲದ ಚೂರನ್ನು ಪಕ್ಕದಲ್ಲಿಟ್ಟು ಒಟ್ಟಿಗೇ ನೆನೆಸಿ ತೂಗಿತು, ಬರಿ ಕಲ್ಲು ಹೀರಿದ್ದನ್ನು ಕಳೆಯಿತು. ಪ್ರಯೋಗ ಪೂರ್ತಿ ಮುಗಿದ ಮೇಲೆ ಥ್ಯಾಲಸ್ ಕೆರೆದು ತೆಗೆದು ಒಣ ತೂಕ ನೋಡಿ, ಆ ಮೊದಲು ಬರೆದಿಟ್ಟ ಎಲ್ಲ ದಿನಗಳ ನೀರಿನ ಪ್ರಮಾಣವನ್ನು ಹಿಂದಿನಿಂದ ಲೆಕ್ಕ ಹಾಕಿತು. ರಂಧ್ರಗಳು ಹೆಚ್ಚಿರುವ ಮರಳುಗಲ್ಲಿನಲ್ಲಿ ಈ ವಿಧಾನದ ದೋಷ ದೊಡ್ಡದು. ಗಟ್ಟಿ ಗ್ರಾನೈಟ್ ಚೂರುಗಳಲ್ಲಿ ಮಾತ್ರ ನೆಚ್ಚಬಹುದಾದ ಅಂಕಿ ಸಿಗುತ್ತದೆ.